ಕಾರ್ಡಿಗೆ 40, ಅಂಚೆಗೆ 55: ಆನ್‌ಲೈನ್ ಏಲಂನಲ್ಲಿ ಪೋಸ್ಟೇಜಿನ ಲೆಕ್ಕ

ದೀಪಾವಳಿ ಮುಗಿದ ವಾರ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಾಸರಗೋಡು ಕಡೆಯ ನೀರ್ಚಾಲಿನ ಹುಡುಗ. ಹಳೇ ಅಂಚೆ ಕಾರ್ಡು, ಕವರು ಕೂಡಿಡುವ ಹುಚ್ಚು ಹೊಸದಾಗಿ ಹತ್ತಿದೆ. ಆನ್‌ಲೈನ್ ಏಲಂನಲ್ಲಿ ಒಂದು ಕಾರ್ಡು ಗೆದ್ದಿದ್ದ. 1953ರದ್ದು. ಕುಂಬಳೆಯ ಅಂಚೆ ಮುದ್ರೆ ಚೆನ್ನಾಗಿ ಕಾಣುತ್ತದೆ, ವಿಳಾಸದ ಕೊನೆಗೆ 'ಸೌತ್ ಕೆನರಾ' ಅಂತ ಶಾಯಿಯಲ್ಲಿ ಬರೆದಿದೆ. ನಮ್ಮ ಕಾಸರಗೋಡು ಇನ್ನೂ ಮದ್ರಾಸ್ ರಾಜ್ಯದಲ್ಲಿದ್ದಾಗಿನ ಕಾರ್ಡು, 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ಮೊದಲಿನದು. ನಮ್ಮ ಕಡೆಯವರಿಗೆ ಅದು ಬರೀ ಕಾಗದ ಅಲ್ಲ. ಅಂಥದ್ದು 40 ರೂಪಾಯಿಗೆ ಸಿಕ್ಕಿತು ಅಂತ ಹುಡುಗನಿಗೆ ಖುಷಿಯೋ ಖುಷಿ.

ಮರುದಿನ ಬೆಂಗಳೂರಿನ ಮಾರಾಟಗಾರರಿಂದ ಮೆಸೇಜ್ ಬಂತು. ಪೋಸ್ಟೇಜ್ 55 ಸೇರಿ ಒಟ್ಟು 95 ಕಳಿಸಿ ಅಂತ.

"ಮಾಷೇ, ಇದು ಮೋಸ ಅಲ್ವಾ?" ಅಂದ.

ಮೋಸ ಅಲ್ಲ ಮಾರಾಯ, ಅವರು ನಿನ್ನ ಹತ್ತಿರ ಒಂದು ರೂಪಾಯಿ ಕೂಡ ಜಾಸ್ತಿ ಕೇಳಿಲ್ಲ ಅಂದೆ. ಅವನು ನಂಬಲಿಲ್ಲ. ಅಂಚೆ ಕಚೇರಿಗೆ ಹೋಗಿ ವರ್ಷಗಟ್ಟಲೆ ಆದವರಿಗೆ ಇದು ನಂಬುವುದು ಕಷ್ಟವೇ. ಹಾಗಾಗಿ ಈ ಲೆಕ್ಕವನ್ನು ಒಮ್ಮೆ ಸರಿಯಾಗಿ ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ. ಹಳೇ ಕಾರ್ಡು, ಸ್ಟಾಂಪು, ನಾಣ್ಯ, ಗ್ರಾಮಫೋನ್ ತಟ್ಟೆ, ಯಕ್ಷಗಾನದ ಹಳೇ ಹ್ಯಾಂಡ್‌ಬಿಲ್, ಏನೇ ಕೊಳ್ಳಲಿ ಮಾರಲಿ, ಬಿಡ್ ಹಾಕುವ ಮೊದಲೇ ಪೋಸ್ಟೇಜ್ ಗೊತ್ತಿರಬೇಕು. ಅದು ಆಮೇಲೆ ಸೇರುವ ಖರ್ಚಲ್ಲ. ಅದು ಬೆಲೆಯ ಒಳಗೇ ಇದೆ.

ಮೊದಲು ಆ 55 ಎಲ್ಲಿಂದ ಬಂತು ನೋಡಿ. ತುಂಬಾ ವರ್ಷ ನಾವೆಲ್ಲ ಹಳೇ ಕಾರ್ಡು, ಸ್ಟಾಂಪುಗಳನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸುತ್ತಿದ್ದೆವು. 20 ಗ್ರಾಂ ಒಳಗಿನ ಕಾಗದಕ್ಕೆ 5 ರೂಪಾಯಿ ಸ್ಟಾಂಪು, ಮೇಲೆ ರಿಜಿಸ್ಟ್ರಿ ಫೀಸು 17. ತೆರಿಗೆ ಬಿಟ್ಟರೆ 22 ರೂಪಾಯಿಯಲ್ಲಿ ಕೆಲಸ ಮುಗಿಯುತ್ತಿತ್ತು. ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ ಮೇಲೆ ಆ ದಾರಿ ಮುಚ್ಚಿತು. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿನ ದರವೂ ಬದಲಾಯಿತು. ಅದಕ್ಕೆ ಮೊದಲು ದರ ಏರಿಸಿದ್ದು 2012ರಲ್ಲಿ. ಆಗ 50 ಗ್ರಾಂವರೆಗಿನ ಕವರು ಊರ ಹೊರಗೆ ಎಲ್ಲಿಗೆ ಹೋದರೂ 35 ರೂಪಾಯಿ, ಈಗ 47. ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಅಂದರೆ 8 ರೂಪಾಯಿ 46 ಪೈಸೆ. ಕೂಡಿಸಿದರೆ 55.46. ಆ ಮಾರಾಟಗಾರರು 46 ಪೈಸೆಯನ್ನು ತಮ್ಮ ಕೈಯಿಂದಲೇ ಹಾಕಿದ್ದಾರೆ, ಕವರು ರಟ್ಟು ಟೇಪಿನ ದುಡ್ಡನ್ನೂ ಕೇಳಿಲ್ಲ.

50 ಗ್ರಾಂ ಒಳಗಿದ್ದರೆ ದೂರದ ಲೆಕ್ಕವೇ ಇಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಹೋದರೂ ಅಷ್ಟೇ, ಗುವಾಹಟಿಗೆ ಹೋದರೂ ಅಷ್ಟೇ. 51 ಗ್ರಾಂ ಆಯಿತೋ, ದೂರ ಲೆಕ್ಕಕ್ಕೆ ಬರುತ್ತದೆ. 250 ಗ್ರಾಂವರೆಗೆ 200 ಕಿಲೋಮೀಟರ್ ಒಳಗೆ 59 ರೂಪಾಯಿ, 500ರ ಒಳಗೆ 63, ಸಾವಿರದ ಒಳಗೆ 68, ಎರಡು ಸಾವಿರದ ಒಳಗೆ 72, ಅದರಾಚೆ 77. ಎಲ್ಲದಕ್ಕೂ ಜಿಎಸ್‌ಟಿ ಬೇರೆ. ನಮ್ಮ ಕಡೆಯಿಂದ ಮಂಗಳೂರಿಗೆ 59ರ ದರ, ಬೆಂಗಳೂರಿಗೆ 63, ಮುಂಬೈಗೆ 68, ಗುವಾಹಟಿಗೆ 77. ಗಡಿ ದಾಟಿದರೆ ಜಾಸ್ತಿ ಆಗುತ್ತದಾ ಅಂತ ಮಂಜೇಶ್ವರದ ಒಬ್ಬರು ನನ್ನನ್ನು ಕೇಳಿದ್ದರು. ಇಲ್ಲ. ತಲಪಾಡಿ ಗೇಟು ಅಂಚೆಯವರಿಗೆ ಲೆಕ್ಕಕ್ಕಿಲ್ಲ. ಪಿನ್ ಕೋಡ್ ನಮ್ಮದು 6ರಿಂದ ಶುರು, ಮಂಗಳೂರಿನದು 5ರಿಂದ, ಅಷ್ಟೇ ವ್ಯತ್ಯಾಸ. ದರ ನೋಡುವುದು ದೂರವನ್ನು, ರಾಜ್ಯವನ್ನಲ್ಲ.

ಈಗ ಆ 50 ಗ್ರಾಂ ಅನ್ನುವುದು ಎಷ್ಟು ಸಣ್ಣದು ಅಂತ ಹೇಳುತ್ತೇನೆ. ಒಮ್ಮೆ ನಾನು ನಾಲ್ಕು ಹಳೇ ಕಾರ್ಡುಗಳನ್ನು ಪುಣೆಗೆ ಕಳಿಸಬೇಕಿತ್ತು. ಕಾರ್ಡುಗಳು ಮಡಚಬಾರದು, ಒದ್ದೆಯಾಗಬಾರದು. ಹಾಗಾಗಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಎರಡು ಕಡೆ ದಪ್ಪ ರಟ್ಟು ಇಟ್ಟು, ಸುತ್ತ ಟೇಪ್ ಸುತ್ತಿ ಕವರಿಗೆ ಹಾಕಿದೆ. ಕೌಂಟರಿನ ಚೇಚಿ (ಮಲಯಾಳದಲ್ಲಿ ಅಕ್ಕ) ತಕ್ಕಡಿ ಮೇಲೆ ಇಟ್ಟು, "ಮಾಷೇ, 53" ಅಂದರು. ಮೂರು ಗ್ರಾಂ! ಆ ಮೂರು ಗ್ರಾಮಿಗೆ ದರ 47ರಿಂದ 68ಕ್ಕೆ ಹೋಗುತ್ತದೆ, ತೆರಿಗೆ ಸೇರಿದರೆ ಹತ್ತಿರ ಹತ್ತಿರ 25 ರೂಪಾಯಿ ವ್ಯತ್ಯಾಸ. ಕವರು ವಾಪಸ್ ತೆಗೆದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು ಬಿಚ್ಚಿದೆ. ಚೀಲದಲ್ಲಿ ಒಂದು ಮದುವೆ ಕಾಗದ ಇತ್ತು, ಒಳ್ಳೇ ಗಟ್ಟಿ ಕಾಗದ. ಒಂದು ಬದಿಯ ರಟ್ಟು ತೆಗೆದು ಅದನ್ನು ಇಟ್ಟೆ. 46 ಗ್ರಾಂ ಬಂತು. ಕಾರ್ಡುಗಳು ಸ್ವಲ್ಪವೂ ಬಾಗದೆ ಪುಣೆಗೆ ತಲುಪಿದವು. ಅವತ್ತಿನಿಂದ ನಮ್ಮ ಮನೆಗೆ ಬರುವ ಮದುವೆ, ಉಪನಯನದ ಕಾಗದಗಳೆಲ್ಲ ಒಂದು ಡಬ್ಬಿಯಲ್ಲಿ ಜಮೆ ಆಗುತ್ತಿವೆ. ಅಡಿಗೆಮನೆಯಲ್ಲಿ ಇಡುವ ಸಣ್ಣ ಡಿಜಿಟಲ್ ತಕ್ಕಡಿ ಒಂದು ತೆಗೆದುಕೊಂಡಿದ್ದೇನೆ. ಮಾರುವವರಿಗೆ ಇದಕ್ಕಿಂತ ಒಳ್ಳೇ ಸಲಹೆ ನನ್ನಲ್ಲಿ ಇಲ್ಲ. ಏಲಂಗೆ ಹಾಕುವ ಮೊದಲೇ ಪ್ಯಾಕ್ ಮಾಡಿ ತೂಗಿ. ಗೆದ್ದ ಮೇಲೆ ತೂಗಿದರೆ ಜಗಳ.

ನಾಣ್ಯದವರಿಗೆ ತೂಕದ ತಲೆಬಿಸಿ ಇನ್ನೂ ಜಾಸ್ತಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನಾಲ್ಕು ಇಟ್ಟರೆ ಅಲ್ಲಿಗೇ 46 ಮುಕ್ಕಾಲು ಗ್ರಾಂ ಹತ್ತಿರ, ಕವರಿಗೂ ಜಾಗ ಇಲ್ಲ. ಮತ್ತೆ ನಾನು ಮೇಲೆ ಹೇಳಿದ್ದು ಕಾಗದಪತ್ರದ ದರ. ಒಳಗೆ ವಸ್ತು ಇದ್ದರೆ ಏನಿದೆ ಅಂತ ಕೌಂಟರಿನಲ್ಲಿ ಮೊದಲೇ ಹೇಳಿ, ಅದಕ್ಕೆ ತಕ್ಕ ದರ ಕೇಳಿ, ಆಮೇಲೆ ಏಲಂನಲ್ಲಿ ಬರೆಯಿರಿ. ನಾಣ್ಯವನ್ನು ಕವರಿನಲ್ಲಿ ಸುಮ್ನೆ ಸಡಿಲ ಬಿಡಬೇಡಿ. ಮೆಷಿನ್‌ನಲ್ಲಿ ಹೋಗುವಾಗ ಅಂಚು ಹರಿದು ಹೊರಗೆ ಬಿದ್ದರೆ ಯಾರನ್ನು ಕೇಳುವುದು? ರಟ್ಟಿನಲ್ಲಿ ನಾಣ್ಯದ ಗಾತ್ರಕ್ಕೆ ತೂತು ಕೊರೆದು ಕೂರಿಸಿ, ಎರಡು ಬದಿ ಟೇಪ್ ಹಾಕಿ. ಟೇಪ್ ನಾಣ್ಯಕ್ಕೆ ತಾಗದ ಹಾಗೆ ನಡುವೆ ಕಾಗದ ಇರಲಿ.

ದೊಡ್ಡ ವಸ್ತು ಆದರೆ ತೂಕಕ್ಕಿಂತ ಗಾತ್ರ ದುಬಾರಿ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಹೆಚ್ಚಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯನ್ನು ಕಿಲೋ ಅಂತ ಇಟ್ಟುಕೊಂಡು, ಅದು ಮತ್ತು ನಿಜವಾದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ. ಹಳೇ ಟ್ರಾನ್ಸಿಸ್ಟರ್ ರೇಡಿಯೋ ಒಂದು 2 ಕಿಲೋ ಇದೆ ಅನ್ನಿ. ಅದನ್ನು 40, 30, 20ರ ಪೆಟ್ಟಿಗೆಯಲ್ಲಿ ಇಟ್ಟರೆ 24,000 ಭಾಗಿಸು 5000, ಅಂದರೆ 4.8 ಕಿಲೋ. 2 ಕಿಲೋ ರೇಡಿಯೋಗೆ ಹತ್ತಿರ ಹತ್ತಿರ 5 ಕಿಲೋದ ದುಡ್ಡು. ಪೆಟ್ಟಿಗೆ ದೊಡ್ಡದಾದಷ್ಟು ಭದ್ರ ಅಂತ ಅಂಗಡಿಯಿಂದ ಸಿಕ್ಕಿದ ಪೆಟ್ಟಿಗೆಗೆ ಹಾಕಿ ಕಳಿಸುವವರು ಇಲ್ಲೇ ಸೋಲುವುದು. ಪೆಟ್ಟಿಗೆಯನ್ನು ಕತ್ತರಿಸಿ ಸಣ್ಣದು ಮಾಡಿ.

ಕೊಳ್ಳುವವರ ಕಡೆಗೆ ಬರೋಣ. ಬಿಡ್ ಹಾಕುವಾಗ ನಮ್ಮ ಕಣ್ಣು ಪರದೆಯ ಮೇಲಿನ ಒಂದು ಸಂಖ್ಯೆ ಮೇಲೆಯೇ ಇರುತ್ತದೆ. ಪೋಸ್ಟೇಜ್ ಕೆಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇದನ್ನು ಇಬ್ಬರು ಅರ್ಥಶಾಸ್ತ್ರಜ್ಞರು, ತಂಜಿಮ್ ಹುಸೇನ್ ಮತ್ತು ಜಾನ್ ಮಾರ್ಗನ್, ಈಬೇ ಅನ್ನುವ ಅಮೆರಿಕದ ಆನ್‌ಲೈನ್ ಏಲಂ ತಾಣದಲ್ಲಿ ನಿಜವಾಗಿ ಏಲಂ ಹಾಕಿಯೇ ಪರೀಕ್ಷೆ ಮಾಡಿದರು. ಹಾಡಿನ ಸಿಡಿ ಮತ್ತು ಎಕ್ಸ್‌ಬಾಕ್ಸ್ ವಿಡಿಯೋ ಆಟಗಳನ್ನು ಎರಡು ರೀತಿ ಮಾರಾಟಕ್ಕಿಟ್ಟರು. ಒಂದರಲ್ಲಿ ಆರಂಭದ ಬೆಲೆ 4 ಡಾಲರ್, ಪೋಸ್ಟೇಜ್ ಇಲ್ಲ. ಇನ್ನೊಂದರಲ್ಲಿ ಆರಂಭದ ಬೆಲೆ 1 ಸೆಂಟ್, ಪೋಸ್ಟೇಜ್ 3.99 ಡಾಲರ್. ಕೂಡಿಸಿದರೆ ಎರಡೂ ಒಂದೇ. ಆದರೆ 1 ಸೆಂಟಿನದಕ್ಕೆ ಬಿಡ್ ಹಾಕುವವರು ಜಾಸ್ತಿ ಬಂದರು, ಕೊನೆಗೆ ಮಾರಿದವರ ಕೈಗೆ ದುಡ್ಡೂ ಜಾಸ್ತಿ ಬಂತು. 2006ರಲ್ಲಿ ಬಂದ ಅಧ್ಯಯನ ಅದು. ಒಟ್ಟು ಕನಿಷ್ಠ ಬೆಲೆಯನ್ನು 8 ಡಾಲರಿಗೆ ಏರಿಸಿದಾಗ ಸಿಡಿಗಳ ಮಟ್ಟಿಗೆ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಆ ಒಟ್ಟು ಕನಿಷ್ಠ ಬೆಲೆ ವಸ್ತುವಿನ ಅಂಗಡಿ ಬೆಲೆಯ ಎದುರು ಸಣ್ಣದಿದ್ದಾಗಲೇ ನಾವು ಜಾಸ್ತಿ ಮೈಮರೆಯುವುದು.

ಮಾರುವವರಿಗೂ ಇದು ಗೊತ್ತು. ಈಬೇಯಲ್ಲಿ ತುಂಬಾ ವರ್ಷ ವಸ್ತುವಿನ ಬೆಲೆಗೆ ಮಾತ್ರ ಕಮಿಷನ್ ಹಿಡಿಯುತ್ತಿದ್ದರು. ಹಾಗಾಗಿ ವಸ್ತುವಿಗೆ 1 ಡಾಲರ್, ಪೋಸ್ಟೇಜಿಗೆ 20 ಡಾಲರ್ ಅಂತ ಹಾಕಿದರೆ ಕಮಿಷನ್ ಉಳಿಯುತ್ತಿತ್ತು. 2011ರಲ್ಲಿ ಈಬೇ ಪೋಸ್ಟೇಜಿಗೂ ಕಮಿಷನ್ ಹಾಕಲು ಶುರು ಮಾಡಿತು. ಅದರಿಂದ ನೇರವಾಗಿ ಪೋಸ್ಟೇಜ್ ಬರೆದವರಿಗೂ ಪೆಟ್ಟು ಬಿತ್ತು ನಿಜ. ಆದರೆ ಆ ದಾರಿ ಮುಚ್ಚಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ನನಗೂ ಇಂಥದ್ದು ಒಂದು ಆಗಿದೆ. ಹಳೇ ದರ ಇದ್ದಾಗಿನ ಮಾತು. ಒಂದು ಹಳೇ ಕವರಿಗೆ ಮಾರಿದವರು 'ಪೋಸ್ಟೇಜ್ ಮತ್ತು ಪ್ಯಾಕಿಂಗ್' ಅಂತ 150 ರೂಪಾಯಿ ತೆಗೆದುಕೊಂಡರು. ಕೊಟ್ಟೆ, ಒಳ್ಳೇ ಪ್ಯಾಕಿಂಗ್ ಇರಬಹುದು ಅಂದುಕೊಂಡೆ. ಬಂದದ್ದು ಒಂದು ತೆಳು ಖಾಕಿ ಕವರು. ಒಳಗೆ ರಟ್ಟೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ. ಜೂನ್ ತಿಂಗಳ ಮಳೆ. ಒಂದು ಮೂಲೆ ಒದ್ದೆಯಾಗಿ ಸ್ಟಾಂಪಿನ ಬಣ್ಣ ಕಾಗದಕ್ಕೆ ಇಳಿದಿತ್ತು. ಹೊರಗೆ ಅಂಟಿಸಿದ ಅಂಚೆಯ ಬಿಳಿ ಸ್ಟಿಕರಿನಲ್ಲಿ ತೂಕ ಮತ್ತು ಮೊತ್ತ ಎರಡೂ ಅಚ್ಚಾಗಿರುತ್ತದೆ, ನೋಡಿದ್ದೀರಲ್ಲ? ಅದರಲ್ಲಿ ಇದ್ದದ್ದು 41.30. 35 ರೂಪಾಯಿ, ಮೇಲೆ ತೆರಿಗೆ. ಮಾರಿದವರನ್ನು ಕೇಳಿದರೆ ಉತ್ತರ ಇಲ್ಲ. ಪ್ಯಾಕಿಂಗಿಗೆ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ, ರಟ್ಟು ಟೇಪು ಯಾರಿಗೂ ಪುಕ್ಕಟೆ ಸಿಗುವುದಿಲ್ಲ, ಅಂಚೆ ಕಚೇರಿಗೆ ಹೋಗಿ ಬರುವ ಬಸ್ ಚಾರ್ಜು, ಅರ್ಧ ದಿನ ಎಲ್ಲ ಇದೆ. ಆದರೆ ಪ್ಯಾಕಿಂಗಿಗೆ ತೆಗೆದುಕೊಂಡ ದುಡ್ಡು ಪ್ಯಾಕಿಂಗಿನಲ್ಲಿ ಕಾಣಬೇಕು. ಮತ್ತೆ ಅದನ್ನು ಏಲಂ ಶುರುವಾಗುವ ಮೊದಲೇ ಬರೆದಿರಬೇಕು.

ಬಿಡ್ ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನ ಕ್ರಮ ಹೀಗೆ. ಮೊದಲು ಈ ವಸ್ತು ಮನೆಗೆ ಬಂದು ಕೈಸೇರಲು ನಾನು ಒಟ್ಟು ಎಷ್ಟು ಕೊಡಬಲ್ಲೆ ಅಂತ ಕಾಗದದಲ್ಲಿ ಬರೆಯುತ್ತೇನೆ. 400 ಅನ್ನಿ. ಅದರಿಂದ ಪೋಸ್ಟೇಜ್ 75 ಕಳೆಯುತ್ತೇನೆ. 325 ಉಳಿಯಿತು. ಸಾಮಾನ್ಯ ಏಲಂ ಆದರೆ ನನ್ನ ಕೊನೆಯ ಬಿಡ್ ಅದೇ. ಏಲಂ ಸಂಸ್ಥೆಯವರು ಕೊಳ್ಳುವವರಿಂದ ತೆಗೆದುಕೊಳ್ಳುವ ಕಮಿಷನ್ ಇದ್ದರೆ ಇನ್ನೊಂದು ಹೆಜ್ಜೆ. ಉದಾಹರಣೆಗೆ ಕಮಿಷನ್ 20 ಶೇಕಡಾ ಆದರೆ 325ನ್ನು 1.20ರಿಂದ ಭಾಗಿಸಬೇಕು, 270 ಬರುತ್ತದೆ. ತುಂಬಾ ಜನ ಇಲ್ಲಿ 325ರಿಂದ 20 ಶೇಕಡಾ ಕಳೆದು 260 ಅನ್ನುತ್ತಾರೆ. 10 ರೂಪಾಯಿ ಕಮ್ಮಿ ಬಿಡ್ ಹಾಕಿ ಒಳ್ಳೇ ಕಾರ್ಡು ಕಳೆದುಕೊಂಡರೆ ಬೇಜಾರಲ್ವಾ? ಕಮಿಷನ್ನು ಗೆದ್ದ ಬೆಲೆಯ ಮೇಲೆ ಬೀಳುವುದು, ಹಾಗಾಗಿ ಭಾಗಿಸಬೇಕು. ಅದರ ಮೇಲೆ ತೆರಿಗೆ ಇದ್ದರೆ ಅದನ್ನೂ ಸೇರಿಸಿಯೇ ಭಾಗಿಸಿ.

ಸಣ್ಣ ಬೆಲೆಯ ವಸ್ತುಗಳಿಗೆ ನಿಜವಾದ ಉಪಾಯ ಅಂದರೆ ಒಟ್ಟಿಗೆ ತರಿಸುವುದು. ವಾಟ್ಸಾಪ್, ಫೇಸ್‌ಬುಕ್ ಏಲಂಗಳಲ್ಲಿ ಇದಕ್ಕೆ 'ಹೋಲ್ಡ್' ಅನ್ನುತ್ತಾರೆ. ಗೆದ್ದ ವಸ್ತುವಿನ ದುಡ್ಡು ಕೊಟ್ಟುಬಿಡಿ, ವಸ್ತು ಅವರ ಹತ್ತಿರವೇ ಇರಲಿ, ಇನ್ನು ನಾಲ್ಕೈದು ಗೆದ್ದ ಮೇಲೆ ಒಂದೇ ಕವರಿನಲ್ಲಿ ಕಳಿಸಲಿ. ಒಂದು ಕಾರ್ಡಿಗೆ 55 ಆಗುವ ಪೋಸ್ಟೇಜ್, ಆರು ಕಾರ್ಡಿಗೆ ಹಂಚಿದರೆ ತೂಕ 50 ದಾಟಿ 63ರ ದರಕ್ಕೆ ಹೋದರೂ ತೆರಿಗೆ ಸೇರಿ 74.34, ಒಂದೊಂದಕ್ಕೆ ಸುಮಾರು 12 ರೂಪಾಯಿ. ಹೋಲ್ಡ್ ಎಷ್ಟು ದಿನ ಅಂತ ಮೊದಲೇ ಕೇಳಿಕೊಳ್ಳಿ. ಗುರುತಿಲ್ಲದವರ ಹತ್ತಿರ ತಿಂಗಳುಗಟ್ಟಲೆ ಇಡಬೇಡಿ.

ಕಳೆದುಹೋದರೆ ಏನು ಗತಿ? ಇದನ್ನು ಜನ ಕೇಳುವುದೇ ಇಲ್ಲ. ಟ್ರ್ಯಾಕಿಂಗ್ ಇದೆ ಅಂದರೆ ದುಡ್ಡು ವಾಪಸ್ ಬರುತ್ತದೆ ಅಂತ ನಂಬಿದ್ದಾರೆ. ಸ್ಪೀಡ್ ಪೋಸ್ಟಿನ ಹಳೇ ನಿಯಮದ ಪ್ರಕಾರ ಕಳೆದುಹೋದರೆ ಸಿಗುವ ಪರಿಹಾರ, ನೀವು ಕೊಟ್ಟ ಅಂಚೆ ದರದ ಎರಡು ಪಾಲು ಅಥವಾ 1000 ರೂಪಾಯಿ, ಯಾವುದು ಕಮ್ಮಿಯೋ ಅದು. 55 ರೂಪಾಯಿ ಕವರಿನಲ್ಲಿ 3000ದ ಸ್ಟಾಂಪು ಹೋದರೆ ಕೈಗೆ ಬರುವುದು 110ರ ಆಸುಪಾಸು. ಹಾಗಾಗಿ ಬೆಲೆಬಾಳುವುದನ್ನು ಇನ್ಶೂರ್ ಮಾಡಿಯೇ ಕಳಿಸಿ. ಆ ಖರ್ಚು ಯಾರದ್ದು ಅಂತ ಏಲಂನಲ್ಲೇ ಬರೆಯಿರಿ. ಇನ್ನೊಂದು ವಿಷಯ. ಮೊದಲಿನ ರಿಜಿಸ್ಟ್ರಿಯ ಹಾಗೆ ವಿಳಾಸದವರ ಕೈಗೇ ಕೊಡಬೇಕಾದರೆ ಈಗ ಸ್ಪೀಡ್ ಪೋಸ್ಟಿನ ಮೇಲೆ 5 ರೂಪಾಯಿ ಜಾಸ್ತಿ ಕೊಟ್ಟು 'ರಿಜಿಸ್ಟ್ರೇಶನ್' ಕೇಳಬೇಕು. ಮೊಬೈಲಿಗೆ ಒಟಿಪಿ ಬಂದ ಮೇಲೇ ಕೊಡುವ ವ್ಯವಸ್ಥೆಗೂ 5 ರೂಪಾಯಿ. ಎರಡಕ್ಕೂ ಜಿಎಸ್‌ಟಿ ಉಂಟು. ನಮ್ಮಲ್ಲಿ ಮನೆ ಇರುವುದು ತೋಟದ ಒಳಗೆ, ರಸ್ತೆಯಿಂದ ಅರ್ಧ ಮೈಲು. ಕವರು ಮಾರ್ಗದ ಬದಿಯ ಅಂಗಡಿಯಲ್ಲಿ ಕೂರುವುದು ಮಾಮೂಲು. ಅಂಥವರಿಗೆ ಈ 5 ರೂಪಾಯಿ ಕೊಡುವುದು ಒಳ್ಳೆಯದು.

ಹೊರದೇಶದ ಏಲಂ ಬೇರೆಯೇ ಲೋಕ. ಚೀನಾದಿಂದ ಸಣ್ಣ ಪೊಟ್ಟಣ ಅಷ್ಟು ಅಗ್ಗಕ್ಕೆ ಹೇಗೆ ಬರುತ್ತಿತ್ತು ಅಂತ ತುಂಬಾ ಜನ ಕೇಳುತ್ತಾರೆ. 1874ರಲ್ಲಿ ಬರ್ನ್‌ನಲ್ಲಿ ದೇಶಗಳು ಸೇರಿ ವಿಶ್ವ ಅಂಚೆ ಒಕ್ಕೂಟ ಕಟ್ಟಿದವು, ಭಾರತ 1876ರಲ್ಲಿ ಸೇರಿತು. ಮೊದಲು ಯಾವ ದೇಶ ಸ್ಟಾಂಪು ಮಾರಿತೋ ದುಡ್ಡು ಪೂರ್ತಿ ಅದಕ್ಕೇ. 1969ರ ನಂತರ, ಪತ್ರವನ್ನು ಮನೆಗೆ ಮುಟ್ಟಿಸುವ ದೇಶಕ್ಕೆ ಕಳಿಸಿದ ದೇಶ ಸ್ವಲ್ಪ ಕೊಡಬೇಕು ಅಂತ ಆಯಿತು. ಆ ದರ ಬಡ ದೇಶಗಳಿಗೆ ಕಮ್ಮಿ ಇಟ್ಟಿದ್ದರು, ಚೀನಾಕ್ಕೂ ಅದರ ಲಾಭ ತುಂಬಾ ಕಾಲ ಸಿಕ್ಕಿತು. ಅಮೆರಿಕ ಒಕ್ಕೂಟವನ್ನೇ ಬಿಡುತ್ತೇನೆ ಅಂತ ಹಟ ಹಿಡಿದ ಮೇಲೆ 2019ರಲ್ಲಿ ಜಿನೀವಾದಲ್ಲಿ ಸಭೆ ಕೂಡಿ, ಸಣ್ಣ ಪೊಟ್ಟಣಗಳ ದರವನ್ನು ದೇಶಗಳು ತಾವೇ ಹೇಳುವ ದಾರಿ ತೆರೆದರು. ಹಳೇ ಅಗ್ಗದ ಪೋಸ್ಟೇಜ್ ನೆನಪಿಟ್ಟುಕೊಂಡು ಈಗ ಬಿಡ್ ಹಾಕಬೇಡಿ. ಹೊರಗಿಂದ ತರಿಸಿದರೆ ಇಲ್ಲಿ ಕಸ್ಟಮ್ಸ್ ಸುಂಕ ಬೀಳಬಹುದು. ಸುಂಕದ ಲೆಕ್ಕದಲ್ಲಿ ಸಾಮಾನ್ಯವಾಗಿ ವಸ್ತುವಿನ ಬೆಲೆಗೆ ಸಾಗಾಟದ ಖರ್ಚನ್ನೂ ಸೇರಿಸುತ್ತಾರೆ, ಅಂದರೆ ಪೋಸ್ಟೇಜಿಗೂ ಸುಂಕ.

ಇಲ್ಲಿಂದ ಹೊರಗೆ ಮಾರುವವರು ಪೋಸ್ಟೇಜ್ ಕೇಳುವ ಮೊದಲು ಒಂದು ಕಾನೂನು ನೋಡಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ, ಮೂರ್ತಿ ಇಂಥವನ್ನು ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಕೈಬರಹ, ದಾಖಲೆ ಆದರೆ 75 ವರ್ಷ. 1835ರ ಕಂಪೆನಿ ಕಾಲು ಆಣೆಗೆ ಲಂಡನ್‌ನಿಂದ ಎಷ್ಟೇ ಬಿಡ್ ಬಂದರೂ ಕಳಿಸಬೇಡಿ. ಅಮೆರಿಕಕ್ಕಂತೂ 2025ರ ಆಗಸ್ಟ್ 25ರಿಂದ ಅಕ್ಟೋಬರ್ 15ರವರೆಗೆ ನಮ್ಮ ಅಂಚೆಯಲ್ಲಿ ಮಾರಿದ ವಸ್ತುಗಳ ಪಾರ್ಸೆಲ್ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿ 800 ಡಾಲರ್ ಒಳಗಿನ ವಸ್ತುಗಳಿಗೆ ಇದ್ದ ಸುಂಕ ವಿನಾಯಿತಿ ತೆಗೆದದ್ದೇ ಕಾರಣ. ಮತ್ತೆ ಶುರುವಾದಾಗ ಅಲ್ಲಿನ ಸುಂಕವನ್ನು ಇಲ್ಲಿ ಬುಕ್ ಮಾಡುವಾಗಲೇ ಕಟ್ಟುವ ಕ್ರಮ ಬಂತು.

ನೀರ್ಚಾಲಿನ ಹುಡುಗ ಆ ದಿನ 95 ರೂಪಾಯಿ ಕಳಿಸಲಿಲ್ಲ. ಕಾರ್ಡಿನ 40 ಮಾತ್ರ ಕಳಿಸಿ ಒಂದು ತಿಂಗಳು ಹೋಲ್ಡ್ ಕೇಳಿದ. ಅವರು ಒಪ್ಪಿದರು. ಅದೇ ಮಾರಾಟಗಾರರ ಹತ್ತಿರ ಮಂಜೇಶ್ವರದ ಮುದ್ರೆ ಇರುವ ಎರಡು, ಕಾಸರಗೋಡಿನದು ಒಂದು, ಒಟ್ಟು ನಾಲ್ಕು ಕಾರ್ಡು ಆದ ಮೇಲೆ ಕವರು ಬಂತು. ಸ್ಟಿಕರಿನಲ್ಲಿ ತೂಕ 48 ಗ್ರಾಂ. ಬಿಚ್ಚುವಾಗ ನನ್ನನ್ನೂ ಕರೆದಿದ್ದ. ಎರಡು ರಟ್ಟಿನ ನಡುವೆ, ಪ್ಲಾಸ್ಟಿಕ್ ತೊಟ್ಟೆಯೊಳಗೆ, ಕುಂಬಳೆಯ ಕಾರ್ಡು ಎಲ್ಲಕ್ಕಿಂತ ಮೇಲೆ ಇತ್ತು.